ವೆನ್ ಮನೆಯ ಎರಡನೆಯ ಒಲೆ

ನಮ್ಮ ಹಾರ್ನ್‌ಬರಿಯಲ್ಲಿ ಓಟು ಹುಟ್ಟುತ್ತಿದ್ದದ್ದು ಒಲೆಯಲ್ಲಿ. ಸ್ವಂತ ಒಲೆ ಹೂಡಿ, ಅದರ ಮೇಲೆ ತನ್ನ ಪಾತ್ರೆ ಕುದಿಸಿಕೊಂಡು ಉಣ್ಣುವ ಯಾವ ಗಂಡಸಿಗಾದರೂ ಲಂಡನ್ನಿನ ಪಾರ್ಲಿಮೆಂಟಿಗೆ ಸದಸ್ಯನನ್ನು ಆರಿಸಿ ಕಳಿಸುವ ಹಕ್ಕಿತ್ತು. ಅಪ್ಪನ ಒಲೆಯಲ್ಲಿ ಬೆಂದದ್ದನ್ನು ಉಣ್ಣುವ ಮಗನಿಗೆ ಮೂವತ್ತು ತುಂಬಿದ್ದರೂ ಆ ಹಕ್ಕಿಲ್ಲ. ಹೆಂಗಸರಿಗಂತೂ ಇಲ್ಲವೇ ಇಲ್ಲ. ಒಲೆ ಊದುವವರು ಮಾತ್ರ ಅವರೇ.

ಆಂಬ್ರೋಸ್ ವೆನ್ ಕೈಗವಸಿಗೆ ತೊಗಲು ಕತ್ತರಿಸುವ ಕೆಲಸದವನು. ವಯಸ್ಸು ಐವತ್ತೆಂಟು. ಚುನಾವಣೆ ಬಂದ ತಿಂಗಳಲ್ಲಿ ಊರಿನ ದೊಡ್ಡವರೆಲ್ಲ ಅವನನ್ನು ‘ಮಿಸ್ಟರ್ ವೆನ್’ ಎಂದು ಕರೆಯುತ್ತಿದ್ದರು, ಮಿಕ್ಕ ವರ್ಷಗಳಲ್ಲಿ ‘ಏ ವೆನ್’. ಆ ಒಂದು ತಿಂಗಳ ನೆನಪಿನಲ್ಲೇ ಅವನು ಉಳಿದ ವರ್ಷಗಳನ್ನು ತಳ್ಳುತ್ತಿದ್ದ. ಅವನಿದ್ದ ಮನೆ ಸರ್ ಎವರಾರ್ಡ್ ಎಂಬ ಜಮೀನ್ದಾರನದು. ಹಾಗಾಗಿ ಓಟೂ ಸರ್ ಎವರಾರ್ಡ್ ಹೇಳಿದವರಿಗೆ. ಅದರಲ್ಲಿ ಆಂಬ್ರೋಸ್‌ಗೆ ಯಾವ ಮುಜುಗರವೂ ಇರಲಿಲ್ಲ. ಛಾವಣಿ ಸೋರಿದರೆ ಹುಲ್ಲು ಹೊದಿಸಿಕೊಡುವವರು ಅವರೇ ತಾನೆ?

1763ರ ಆಗಸ್ಟಿನಲ್ಲಿ ನಮ್ಮ ಹಳೆಯ ಸದಸ್ಯರು ವಾತಕ್ಕೆಂದು ಬಾತ್ ಊರಿನ ಬಿಸಿನೀರಿನಲ್ಲಿ ಕುಳಿತವರು ಕುಳಿತಲ್ಲೇ ತೀರಿಕೊಂಡರು. ಆ ಜಾಗಕ್ಕೆ ಸರ್ ಎವರಾರ್ಡ್ ತಾನೇ ನಿಲ್ಲುವುದೆಂದಾಯಿತು. ಅವನ ಎದುರು ಲಂಡನ್ನಿನ ಸಕ್ಕರೆ ವ್ಯಾಪಾರಿ ಪಾಲ್‌ಗ್ರೇವ್. ಪಾಲ್‌ಗ್ರೇವ್‌ನನ್ನು ಊರಿಗೆ ಕರೆತಂದವನು ಟ್ರೆಮ್ಲೆಟ್, ಅರ್ಧ ಊರಿಗೆ ಕೈಗವಸಿನ ಕೆಲಸ ಕೊಡುವ ಯಜಮಾನ. ಆಂಬ್ರೋಸ್‌ನ ಮಗ ಜೇಬೆಜ್ ಇದ್ದದ್ದು ಇದೇ ಟ್ರೆಮ್ಲೆಟ್‌ನ ಕೆಲಸದಲ್ಲಿ.

ಒಂದು ಮಧ್ಯಾಹ್ನ ಮನೆಯ ಐದೂ ಜನ ಊಟಕ್ಕೆ ಕುಳಿತಿದ್ದರು. ಒಣ ಬಟಾಣಿ, ಹಂದಿ ಮೂಳೆಯ ಸಾರು, ಬಾರ್ಲಿ ರೊಟ್ಟಿ. ಆಂಬ್ರೋಸ್‌ನ ಹೆಂಡತಿ ತೊಮಸಿನ್ ಬಡಿಸುತ್ತಿದ್ದಳು. ಜೇಬೆಜ್ ರೊಟ್ಟಿ ಮುರಿಯುತ್ತ, ತಲೆ ಎತ್ತದೆ ಅಂದ:

“ಹಿತ್ತಲ ಕೋಣೇಲಿ ಒಲೆ ಹೂಡೋಣ ಅಂತಿದೀನಿ.”

ತೊಮಸಿನ್‌ಳ ಸೌಟು ನಿಂತಿತು. “ಯಾಕೋ? ನನ್ನ ಅಡಿಗೆಗೆ ಏನು ಬಂತು?”

“ಅಡಿಗೆ ಮಾತಲ್ಲಮ್ಮ. ಓಟಿನ ಮಾತು. ಟ್ರೆಮ್ಲೆಟ್ ಯಜಮಾನ್ರು ಇಟ್ಟಿಗೆ ಕೊಡ್ತಾರಂತೆ, ಗಾರೆಯವನನ್ನೂ ಕಳಿಸ್ತಾರಂತೆ. ನಮ್ಮಂಥೋರು ಹನ್ನೊಂದು ಜನ ಇದೀವಿ. ಎಲ್ರಿಗೂ ಹೊಸ ಒಲೆ.”

ಆಂಬ್ರೋಸ್ ಮುಖ ಅರಳಿತು. “ಒಂದೇ ಸೂರಿನಡಿ ಎರಡು ಓಟು! ನಮ್ಮಪ್ಪ ಇದ್ದಿದ್ರೆ ಕುಣಿದಾಡ್ತಿದ್ದ. ಸರ್ ಎವರಾರ್ಡ್‌ಗೆ ಹೇಳಿಕಳಿಸ್ಬೇಕು.”

“ಅಪ್ಪಾ, ಯಜಮಾನ್ರು ಇಟ್ಟಿಗೆ ಕೊಡೋದು ಸರ್ ಎವರಾರ್ಡ್‌ಗೆ ಓಟು ಹಾಕ್ಲಿ ಅಂತಲ್ಲ.”

ಹದಿನಾರರ ಮಗಳು ಕೆಜಾಯಾ ಕಿಸಕ್ಕೆಂದಳು. “ಅಣ್ಣಂದು ಪಾಲ್‌ಗ್ರೇವ್ ಹಳದಿ ರಿಬ್ಬನ್, ಅಪ್ಪಂದು ಸರ್ ಎವರಾರ್ಡ್ ನೀಲಿ ರಿಬ್ಬನ್. ಬಾಗಿಲಿಗೆ ಯಾವ್ದು ಕಟ್ಟೋದು?”

“ನೀನು ಬಾಯಿ ಮುಚ್ಕೊಂಡು ತಿನ್ನು,” ಅಂದಳು ತಾಯಿ.

“ಈ ಮನೇಲಿದ್ಕೊಂಡು ಪಾಲ್‌ಗ್ರೇವ್‌ಗೆ ಓಟಾ?” ಆಂಬ್ರೋಸ್ ಚಮಚ ಕೆಳಗಿಟ್ಟ. “ನಾಳೆ ನಮ್ಮ ಸಾಮಾನೆಲ್ಲ ಬೀದೀಲಿರುತ್ತೆ, ಗೊತ್ತಾ?”

“ಹಾಕದಿದ್ರೆ ನಾಳೆ ನಾನು ಬೀದೀಲಿರ್ತೀನಿ. ನಿಮ್ಮನ್ನ ಬೆದರಿಸೋಕೆ ಸರ್ ಎವರಾರ್ಡ್ ಇದಾರೆ, ನನ್ನ ಬೆದರಿಸೋಕೆ ಟ್ರೆಮ್ಲೆಟ್ ಇದಾರೆ. ನಾನೇನು ಮಾಡ್ಲಿ ಹೇಳಿ.”

ಜೇಬೆಜ್‌ನ ಹೆಂಡತಿ ಡಾರ್ಕಸ್‌ಗೆ ಆಗ ನಾಲ್ಕು ತಿಂಗಳು. ಅವಳು ಮಾವನ ಮುಖ ನೋಡಲಿಲ್ಲ, ಗಂಡನ ಮುಖವನ್ನೂ ನೋಡಲಿಲ್ಲ. ಬಟ್ಟಲಿನಲ್ಲಿದ್ದ ಬಟಾಣಿ ಒಂದೊಂದೇ ಎಣಿಸುವಂತೆ ಉಂಡು ಎದ್ದಳು.

ಮುಂದಿನ ವಾರ, ಆಂಬ್ರೋಸ್ ಒಪ್ಪುವ ಮೊದಲೇ, ಟ್ರೆಮ್ಲೆಟ್‌ನ ಗಾರೆಯವನು ಬಂದು ಹಿತ್ತಲ ಗೋಡೆ ಒಡೆದು ಒಲೆ ಕಟ್ಟಿದ. ಹೊಗೆಗೂಡು ಗಿಡ್ಡವಾಯಿತು. ಪಶ್ಚಿಮದ ಗಾಳಿ ಬೀಸಿದರೆ ಹೊಗೆಯೆಲ್ಲ ತಿರುಗಿ ಕೋಣೆಗೇ ಬರುತ್ತಿತ್ತು. ನಮ್ಮಲ್ಲಿ ವರ್ಷದ ಮುಕ್ಕಾಲು ಪಾಲು ಬೀಸುವುದು ಪಶ್ಚಿಮದ ಗಾಳಿಯೇ. ಟ್ರೆಮ್ಲೆಟ್ ಕಡೆಯ ಗುಮಾಸ್ತನೊಬ್ಬ ದಿನಾ ಮಧ್ಯಾಹ್ನ ಬಂದು ಪಾತ್ರೆಯ ಮುಚ್ಚಳ ಎತ್ತಿ ನೋಡಿ, “ಕುದೀತಿದೆ,” ಅಂದು ಹೋಗುತ್ತಿದ್ದ. ಕುದಿಯುತ್ತಿದ್ದದ್ದು ಟರ್ನಿಪ್ ಗೆಡ್ಡೆಯೋ ಬರೀ ನೀರೋ ಅವನು ಕೇಳುತ್ತಿರಲಿಲ್ಲ.

ಡಾರ್ಕಸ್‌ಗೆ ಅಡಿಗೆ ಬರುತ್ತಿರಲಿಲ್ಲ. ಆರು ವರ್ಷದಿಂದ ಕೈಗವಸು ಹೊಲಿದವಳು. ಕಿಟಕಿಯ ಬಳಿ ಕುಳಿತರೆ ದಿನಕ್ಕೆ ಮೂರು ಜೊತೆ ಹೊಲಿಯುವ ಕೈ ಅದು. ಈಗ ಒಲೆ, ಸೌದೆ, ನೀರು ಎಂದು ಒಂದು ಜೊತೆಯೂ ಮುಗಿಯುತ್ತಿರಲಿಲ್ಲ. ಹೊಗೆಗೆ ವಾಂತಿ. ವಾಂತಿ ನಿಂತರೆ ತಲೆಸುತ್ತು.

ಇತ್ತ ತೊಮಸಿನ್ ಮೂರು ಜನಕ್ಕೆ ಮಾಡಲು ಹೋಗಿ ಐದು ಜನಕ್ಕೆ ಮಾಡುತ್ತಿದ್ದಳು. ಕೈ ಅಳತೆ ತಪ್ಪಿತೋ, ಬೇಕೆಂದೇ ಮಾಡಿದಳೋ. ಮಧ್ಯಾಹ್ನ ಗುಮಾಸ್ತ ಬಂದು ಹೋದ ಮೇಲೆ, ಗಂಡಸರು ಕೆಲಸದಲ್ಲಿರುವ ಹೊತ್ತಿಗೆ, ಒಂದು ಬಟ್ಟಲು ಸಾರನ್ನು ಏಪ್ರನ್ನಿನಲ್ಲಿ ಮುಚ್ಚಿಕೊಂಡು ಹಿತ್ತಲ ಕೋಣೆಗೆ ಹೋಗುತ್ತಿದ್ದಳು.

“ಅತ್ತೆ, ಬೇಡ. ಇವರಿಗೆ ಗೊತ್ತಾದ್ರೆ...”

“ಗೊತ್ತಾದ್ರೆ ಏನು? ನಿನ್ನ ಹೊಟ್ಟೇಲಿರೋದು ಯಾವ ಪಕ್ಷ ಅಂತ ಕೇಳ್ತಾನಾ? ಕುಡಿ.”

“ಬೇರೆ ಪಾತ್ರೆದು ಉಂಡ್ರೆ ಓಟು ಇಲ್ವಂತೆ.”

“ಓಟು ಅವನದು. ಹೊಟ್ಟೆ ನಿನ್ನದು. ಕುಡಿ ಅಂದ್ನಲ್ಲ.”

ಡಾರ್ಕಸ್ ಕುಡಿಯುತ್ತಿದ್ದಳು. ತೊಮಸಿನ್ ಬಾಗಿಲಲ್ಲಿ ನಿಂತು, ಅವಳು ಕುಡಿದು ಮುಗಿಸುವವರೆಗೆ ಹಿತ್ತಲ ಬೇಲಿಯನ್ನೇ ನೋಡುತ್ತಿದ್ದಳು. ಇದು ದಿನಚರಿಯಾಯಿತು. ಒಂದೆರಡು ವಾರದಲ್ಲಿ ಸೊಸೆಯ ಮುಖಕ್ಕೆ ಬಣ್ಣ ಬಂತು. ಜೇಬೆಜ್ ತನ್ನ ಹೆಂಡತಿ ಅಡಿಗೆ ಕಲಿತಳೆಂದುಕೊಂಡ.

ಅಕ್ಟೋಬರಿನಲ್ಲಿ ಸರ್ ಎವರಾರ್ಡ್‌ನ ಪಾರುಪತ್ಯಗಾರ ಪ್ರೂಯೆಟ್ ಬಂದ. ಕುದುರೆಯಿಂದ ಇಳಿದು, ಮನೆ ಸುತ್ತಿ, ಹಿತ್ತಲ ಗೋಡೆಯನ್ನು ಬೆತ್ತದಿಂದ ತಟ್ಟಿ ನೋಡಿದ.

“ಮಿಸ್ಟರ್ ವೆನ್, ಗೋಡೆ ಒಡೆಯೋಕೆ ಯಾರನ್ನ ಕೇಳಿದ್ರಿ?”

“ತಪ್ಪಾಯ್ತು ಸ್ವಾಮಿ. ಮಗ ಹುಡುಗುಬುದ್ಧಿಗೆ... ನಾಳೇನೇ ಮುಚ್ಚಿಸ್ತೀನಿ.”

“ಯಾಕೆ ಮುಚ್ಚಿಸ್ಬೇಕು? ಒಲೆ ಇರ್ಲಿ. ಒಲೆ ಕಂಡ್ರೆ ಸರ್ ಎವರಾರ್ಡ್‌ಗೆ ದ್ವೇಷ ಇಲ್ಲ. ಮಗನೂ ಅಪ್ಪನ ಹಾಗೇ ಓಟು ಹಾಕಿದ್ರೆ ಎರಡು ಹೊಗೆಗೂಡನ್ನೂ ನಾವೇ ರಿಪೇರಿ ಮಾಡಿಸ್ತೀವಿ. ಹಾಕದಿದ್ರೆ ಮಾರ್ಚಿಗೆ ಮನೆ ಬಿಡಬೇಕಾಗುತ್ತೆ. ನಾನೇನು ಬೆದರಿಸ್ತಿಲ್ಲ ಮತ್ತೆ. ಮೊದಲೇ ತಿಳಿಸೋದು ಮರ್ಯಾದೆ ಅಲ್ವಾ?”

ಹೋಗುವಾಗ ತೊಮಸಿನ್‌ಗೆ ಟೊಪ್ಪಿ ಎತ್ತಿ ನಮಸ್ಕರಿಸಿದ. ನಾಲ್ಕು ದಿನ ಬಿಟ್ಟು ಪಾಲ್‌ಗ್ರೇವ್ ಬಂದ. ದಪ್ಪನೆಯ, ನಗುಮುಖದ ಮನುಷ್ಯ. ಹೆಂಗಸರಿಗೆಲ್ಲ ಮುತ್ತು ಕೊಡುವುದು ಉಮೇದುವಾರರ ಪದ್ಧತಿ. ತೊಮಸಿನ್‌ಗೆ ಕೊಟ್ಟ, ಡಾರ್ಕಸ್‌ಗೆ ಕೊಟ್ಟ, ಕೆಜಾಯಾಗೆ ಕೊಟ್ಟು ಹಳದಿ ರಿಬ್ಬನ್ನೂ ಕೊಟ್ಟ. ಅವನು ಗಲ್ಲಿ ತಿರುಗಿದ ಮೇಲೆ ತೊಮಸಿನ್ ಕೆನ್ನೆ ಒರೆಸಿಕೊಂಡು, “ಸಕ್ಕರೆ ಮಾರೋನು, ಬಾಯಿ ಮಾತ್ರ ಈರುಳ್ಳಿ ವಾಸನೆ,” ಅಂದಳು. ಹಲವು ವಾರಗಳ ನಂತರ ಮನೆಯವರೆಲ್ಲ ಒಟ್ಟಿಗೆ ನಕ್ಕದ್ದು ಅಂದೇ.

ಆ ನಗು ಸಂಜೆಯವರೆಗೂ ಉಳಿಯಲಿಲ್ಲ. ಆಂಬ್ರೋಸ್ ಮಗನನ್ನು ಹಿಡಿದು ಕೂಡಿಸಿಕೊಂಡ.

“ಓಟಿನ ದಿನ ಹುಷಾರಿಲ್ಲ ಅಂತ ಮಲಗಿಬಿಡೋ. ಯಾರಿಗೂ ಹಾಕ್ಬೇಡ.”

“ಟ್ರೆಮ್ಲೆಟ್ ಡಾಕ್ಟರನ್ನೇ ಕರ್ಕೊಂಡು ಬರ್ತಾರೆ ಅಪ್ಪಾ. ಮಂಚ ಸಮೇತ ಹೊತ್ಕೊಂಡು ಹೋಗ್ತಾರೆ.”

“ಹಾಗಾದ್ರೆ ನಿನ್ನ ಅಮ್ಮನ್ನ ಈ ವಯಸ್ಸಲ್ಲಿ ಎಲ್ಲಿ ಇಡ್ಲಿ? ಹೇಳು, ಎಲ್ಲಿ?”

“ನನ್ನ ಮಗೂನ ನಾನೆಲ್ಲಿ ಇಡ್ಲಿ? ಅದನ್ನೂ ನೀವೇ ಹೇಳಿ.”

“ಒಲೆ ಹೂಡೋ ಮುಂಚೆ ಕೇಳಿದ್ಯಾ ನನ್ನ?”

“ನೀವು ಮೂವತ್ತು ವರ್ಷದಿಂದ ನೀಲಿಗೆ ಹಾಕಿದ್ರಲ್ಲ, ಯಾರನ್ನ ಕೇಳಿದ್ರಿ?”

ಆಂಬ್ರೋಸ್ ಕೈ ಎತ್ತಿದ. ಹೊಡೆಯಲಿಲ್ಲ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡು ಹೊರಗೆ ಹೋದ. ಮರುದಿನದಿಂದ ಅಪ್ಪ ಮಗನಿಗೆ ಮಾತು ನಿಂತಿತು. ಹೇಳಬೇಕಾದ್ದನ್ನೆಲ್ಲ ಕೆಜಾಯಾ ಮೂಲಕ ಹೇಳುತ್ತಿದ್ದರು. “ಕೊಡಲಿ ಎಲ್ಲಿಟ್ಟಿದಾನೆ ಕೇಳು.” “ಮೂಲೇಲಿದೆ ಅಂತ ಹೇಳು.” ಇಬ್ಬರೂ ಒಂದೇ ಅಂಗಳದಲ್ಲಿ ನಿಂತು ಹೀಗೆ.

ಮಾತು ಸಾಗಿಸಿ ಸಾಗಿಸಿ ಕೆಜಾಯಾಗೆ ಬೇಸರ ಬಂದಿತ್ತು. ಪ್ರೂಯೆಟ್ ಮನೆಯ ಅಡಿಗೆ ಕೆಲಸದ ಹುಡುಗಿಯೊಬ್ಬಳು ಬಾವಿಕಟ್ಟೆಯಲ್ಲಿ, “ನಿಮ್ಮಣ್ಣ ಹೆಂಡತಿ ಮಾತು ಕಟ್ಕೊಂಡು ಬೇರೆಯಾದನಂತಲ್ಲೇ,” ಎಂದು ಚುಚ್ಚಿದಾಗ ಅವಳಿಗೆ ತಡೆಯಲಾಗಲಿಲ್ಲ.

“ಎಲ್ಲಿ ಬೇರೆ? ನಮ್ಮಮ್ಮ ದಿನಾ ಅತ್ತಿಗೆಗೆ ಊಟ ಕೊಡ್ತಾಳೆ. ನಮ್ಮನೆ ನಿಮ್ಮನೆ ಥರ ಅಲ್ಲ.”

ಮನೆಯ ಮಾನ ಉಳಿಸಿದೆ ಎಂದುಕೊಂಡು ನೀರು ಹೊತ್ತು ಬಂದಳು.

ನವೆಂಬರಿನ ಕೊನೆಯಲ್ಲಿ ಓಟು. ಮಾರುಕಟ್ಟೆಯ ಚೌಕದಲ್ಲಿ ಹಲಗೆಯ ಅಟ್ಟ ಕಟ್ಟಿದ್ದರು. ಮೇಲೆ ನಗರದ ಮೇಯರ್, ಎರಡೂ ಕಡೆಯ ವಕೀಲರು, ಹೆಸರು ಬರೆಯುವ ಗುಮಾಸ್ತರು. ಓಟುಗಾರ ಮೆಟ್ಟಿಲು ಹತ್ತಿ ತನ್ನ ಹೆಸರನ್ನೂ ತನ್ನ ಉಮೇದುವಾರನ ಹೆಸರನ್ನೂ ಎಲ್ಲರಿಗೂ ಕೇಳುವಂತೆ ಕೂಗಿ ಹೇಳಬೇಕು. ಕೆಳಗೆ ಒಂದು ಪಕ್ಕದಲ್ಲಿ ಪ್ರೂಯೆಟ್, ಇನ್ನೊಂದು ಪಕ್ಕದಲ್ಲಿ ಟ್ರೆಮ್ಲೆಟ್ ನಿಂತಿದ್ದರು, ಕುರಿ ಎಣಿಸುವವರ ಹಾಗೆ.

ಆಂಬ್ರೋಸ್ ಬೆಳಿಗ್ಗೆಯೇ ಹತ್ತಿ, “ಸರ್ ಎವರಾರ್ಡ್!” ಎಂದು ಕೂಗಿ ಇಳಿದ. ಹಿಂದಿನ ಚುನಾವಣೆಗಳಲ್ಲಿ ಇಳಿದ ಕೂಡಲೆ ಸೇಬಿನ ಹೆಂಡ ಕುಡಿಯಲು ಓಡುತ್ತಿದ್ದವನು ಅಂದು ಅಟ್ಟದ ಕೆಳಗೇ ನಿಂತ. ಮಧ್ಯಾಹ್ನ ಜೇಬೆಜ್‌ನ ಸರದಿ.

“ಜೇಬೆಜ್ ವೆನ್. ಮಿಸ್ಟರ್ ಪಾಲ್‌ಗ್ರೇವ್‌ಗೆ.”

ಹಳದಿಯವರು ಹೋ ಎಂದರು. ನೀಲಿಯ ವಕೀಲ ಕೈ ಎತ್ತಿದ. “ಆಕ್ಷೇಪಣೆ ಇದೆ. ಈತ ತಂದೆಯ ಪಾತ್ರೆಯಿಂದ ಉಣ್ಣುವವನು. ಸಾಕ್ಷಿ, ತೊಮಸಿನ್ ವೆನ್.”

ಅವಳು ತರಕಾರಿ ಬುಟ್ಟಿ ಹಿಡಿದು ಗುಂಪಿನ ಅಂಚಿನಲ್ಲಿದ್ದಳು. ತನ್ನ ಹೆಸರು ಕೂಗಿದ್ದು ಅವಳಿಗೆ ಅರ್ಥವಾಗುವಷ್ಟರಲ್ಲಿ ಇಬ್ಬರು ಅವಳನ್ನು ಮೆಟ್ಟಿಲು ಹತ್ತಿಸಿದ್ದರು. ಐವತ್ತು ವರ್ಷದಲ್ಲಿ ಅವಳು ಆ ಅಟ್ಟ ಹತ್ತಿದ್ದು ಅದೇ ಮೊದಲು. ಮೇಯರ್ ಬೈಬಲ್ ಮುಂದೆ ಚಾಚಿದರು.

“ಕೈ ಇಡಮ್ಮ. ಸತ್ಯ ಹೇಳ್ತೀನಿ ಅಂತ ಹೇಳು.”

ಹೇಳಿದಳು.

ವಕೀಲ ಮೆತ್ತಗೆ ಕೇಳಿದ. “ನಿಮ್ಮ ಒಲೆಯಲ್ಲಿ ಬೆಂದದ್ದನ್ನು ಮಗನ ಮನೆಯವರಿಗೆ ಕೊಟ್ಟಿದ್ದುಂಟಾ?”

“ಮಗನಿಗೆ ಕೊಟ್ಟಿಲ್ಲ ಸ್ವಾಮಿ.”

“ಸೊಸೆಗೆ?”

ತೊಮಸಿನ್ ಮಗನ ಕಡೆ ನೋಡಿದಳು. ಅವನು ಮೊದಲು ನಕ್ಕ, ಇದೆಂಥ ಮಾತು ಎನ್ನುವ ಹಾಗೆ. ಅಮ್ಮ ಉತ್ತರ ಕೊಡದೆ ನಿಂತದ್ದು ನೋಡಿ ನಗು ಆರಿತು. ಕೆಳಗೆ ಡಾರ್ಕಸ್ ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು ನಿಂತಿದ್ದಳು.

“ಬಸುರಿ ಹೆಂಗಸು ಸ್ವಾಮಿ,” ಅಂದಳು ತೊಮಸಿನ್.

“ಕೇಳಿದ್ದಕ್ಕೆ ಮಾತ್ರ ಹೇಳಮ್ಮ. ಕೊಟ್ಟಿದ್ದುಂಟಾ?”

“ಉಂಟು.”

“ಎಷ್ಟು ದಿನ?”

“ದಿನಾ.”

ಮೇಯರ್ ಗುಮಾಸ್ತನ ಕಡೆ ತಿರುಗಿದರು. ಗುಮಾಸ್ತ ಜೇಬೆಜ್‌ನ ಹೆಸರಿನ ಮೇಲೆ ಗೀಟು ಎಳೆದ. ಅಷ್ಟೇ. ಮುಂದಿನವನು ಮೆಟ್ಟಿಲು ಹತ್ತುತ್ತಿದ್ದ. ತೊಮಸಿನ್‌ಗೆ ಇಳಿಯಲು ಯಾರೂ ಕೈ ಕೊಡಲಿಲ್ಲ.

ಸರ್ ಎವರಾರ್ಡ್ ನಾಲ್ಕು ಓಟಿನಿಂದ ಗೆದ್ದ. ಹನ್ನೊಂದು ಹೊಸ ಒಲೆಗಳ ಓಟುಗಳನ್ನೂ ಒಂದಲ್ಲ ಒಂದು ನೆಪದಿಂದ ತಳ್ಳಿಹಾಕಿದ್ದರು.

ಮರುದಿನ ಬೆಳಿಗ್ಗೆ ಜೇಬೆಜ್ ಟ್ರೆಮ್ಲೆಟ್‌ನ ಅಂಗಡಿಗೆ ಹೋದವನು ಹತ್ತು ಗಂಟೆಗೆಲ್ಲ ತನ್ನ ಕತ್ತರಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ವಾಪಸು ಬಂದ. ಅವನು ಒಳಗೆ ಕಾಲಿಡುವ ಹೊತ್ತಿಗೆ ಮೇಜಿನ ಮೇಲೆ ಒಂದು ಕುರಿ ತೊಡೆ ಇತ್ತು. ಸರ್ ಎವರಾರ್ಡ್ ಅಡಿಗೆಮನೆಯಿಂದ ಬಂದದ್ದು. ತಂದ ಆಳು ಬಾಗಿಲಲ್ಲೇ ನಿಂತು ಒಪ್ಪಿಸುತ್ತಿದ್ದ: “ಸತ್ಯವಂತೆ ಮಿಸೆಸ್ ವೆನ್ ಅವರಿಗೆ, ಪ್ರೂಯೆಟ್ ಸಾಹೇಬರ ವಂದನೆಗಳು.”

ಜೇಬೆಜ್ ಮಾಂಸ ನೋಡಿದ, ಅಮ್ಮನನ್ನು ನೋಡಿದ.

“ಇದಕ್ಕಾ?”

“ಇಲ್ಲ ಕಣೋ! ನಂಗೆ ಗೊತ್ತೇ ಇಲ್ಲ ಇದು ಬರುತ್ತೆ ಅಂತ.”

“ಗೊತ್ತಿಲ್ದೇ ಅಟ್ಟ ಹತ್ತಿದ್ರಾ?”

“ಬೈಬಲ್ ಮುಟ್ಟಿಸಿದ್ರು ಜೇಬೆಜ್. ಮುಟ್ಟಿ ಸುಳ್ಳು ಹೇಳ್ಲಾ?”

“ಟ್ರೆಮ್ಲೆಟ್ ಹೇಳ್ತಿದ್ರು, ನಿಮ್ಮಮ್ಮ ಮನೆ ಉಳಿಸ್ಕೊಂಡ್ಳು ಅಂತ. ನಾನು ಅವರ ಜೊತೆ ಜಗಳ ಆಡಿ ಬಂದೆ. ನಮ್ಮಮ್ಮ ಅಂಥೋಳಲ್ಲ ಅಂದೆ.” ಅವನು ಕತ್ತರಿಗಳ ಗಂಟನ್ನು ಮಾಂಸದ ಪಕ್ಕ ಇಟ್ಟ. “ಬಂದು ನೋಡಿದ್ರೆ ಇದು.”

ಡಾರ್ಕಸ್ ಹಿತ್ತಲ ಬಾಗಿಲಿಂದ ಬಂದಳು. “ಉಂಡೋಳು ನಾನು. ಅತ್ತೇನ ಯಾಕೆ ಅಂತೀರಿ?”

“ನಿನ್ನೂ ಅಂತೀನಿ. ಮೂರು ತಿಂಗಳು ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳಿದ್ಯಲ್ಲ!”

“ಹಸಿವಾಗ್ತಿತ್ತು,” ಅಂದಳು ಡಾರ್ಕಸ್.

ಕೆಜಾಯಾ ಮೂಲೆಯಲ್ಲಿ ಬಿಕ್ಕಿಬಿಕ್ಕಿ ಅಳತೊಡಗಿದಳು. ಬಾವಿಕಟ್ಟೆಯ ಮಾತು ಹೊರಗೆ ಬಂದದ್ದು ಆಗಲೇ. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ. ಆಂಬ್ರೋಸ್ ಇಡೀ ಹೊತ್ತು ಕುರಿ ತೊಡೆಯ ಎದುರು ಕುಳಿತಿದ್ದ. ಕೊನೆಗೆ ಮಗನೊಡನೆ ನೇರ ಮಾತಾಡಿದ, ಆರು ವಾರದಲ್ಲಿ ಮೊದಲ ಬಾರಿ.

“ಪ್ರೂಯೆಟ್ ಹತ್ರ ಹೋಗಿ ನಿನಗೊಂದು ಕೆಲಸ ಕೇಳ್ತೀನಿ ಕಣಪ್ಪ.”

“ಹೋಗಿ. ನನ್ನ ಓಟಿನ ಮೇಲೆ ಗೀಟು ಎಳೆಸಿದೋರ ಕಾಲು ಹಿಡೀರಿ.”

ಆಂಬ್ರೋಸ್ ಹೋದ. ಪ್ರೂಯೆಟ್ ಅವನನ್ನು ‘ಏ ವೆನ್’ ಎಂದು ಕರೆದು, ಹಳದಿಯವರಿಗೆ ಎಸ್ಟೇಟಿನಲ್ಲಿ ಕೆಲಸವಿಲ್ಲ ಎಂದ. ಮಾಂಸವನ್ನು ಎರಡು ದಿನ ಯಾರೂ ಮುಟ್ಟಲಿಲ್ಲ. ಮೂರನೆಯ ದಿನ ತೊಮಸಿನ್ ಅದನ್ನು ಪಕ್ಕದ ಮನೆಯವರಿಗೆ ಕೊಟ್ಟಳು. ಅವರು ಹುರಿದ ವಾಸನೆ ಗೋಡೆ ದಾಟಿ ಬಂತು.

ಕೈಗವಸಿನ ಕೆಲಸಕ್ಕೆ ವೂಸ್ಟರ್ ದೊಡ್ಡ ಊರು, ಉತ್ತರಕ್ಕೆ ನೂರು ಮೈಲಿ. ಡಿಸೆಂಬರಿನ ಮೊದಲ ಸೋಮವಾರ ಸರಕಿನ ಬಂಡಿಯಲ್ಲಿ ಜೇಬೆಜ್, ಡಾರ್ಕಸ್ ಹೊರಟರು. ಅವಳಿಗೆ ಎಂಟನೆಯ ತಿಂಗಳು ಹತ್ತಿರವಾಗುತ್ತಿತ್ತು.

“ಹೆರಿಗೆ ಆಗೋವರೆಗಾದ್ರೂ ಇವಳನ್ನ ಬಿಟ್ಟುಹೋಗೋ,” ಎಂದು ತೊಮಸಿನ್ ಬಂಡಿಯ ಪಟ್ಟಿ ಹಿಡಿದುಕೊಂಡಳು.

“ಇಲ್ಲಿ ಉಂಡಿದ್ದು ಸಾಕಮ್ಮ.”

ಡಾರ್ಕಸ್ ಬಗ್ಗಿ ಅತ್ತೆಯ ಕೈ ಒತ್ತಿದಳು. ಏನೋ ಹೇಳಿದಳು, ಬಂಡಿ ಸದ್ದಿಗೆ ಕೇಳಿಸಲಿಲ್ಲ. ಆಂಬ್ರೋಸ್ ಬಾಗಿಲಿಂದ ಹೊರಗೆ ಬರಲಿಲ್ಲ. ಹಿತ್ತಲ ಕೋಣೆ ಗುಡಿಸಲು ಹೋದ ಕೆಜಾಯಾ ಪೊರಕೆ ಹಿಡಿದು ಅಲ್ಲೇ ಕುಳಿತುಬಿಟ್ಟಳು.

ಕ್ರಿಸ್‌ಮಸ್ ಕಳೆಯಿತು, ಜನವರಿ ಕಳೆಯಿತು, ಪತ್ರ ಬರಲಿಲ್ಲ. ಬಂಡಿಯವನನ್ನು ಕೇಳಿದರೆ, “ವೂಸ್ಟರ್ ಸೇತುವೆ ಹತ್ರ ಇಳಿಸಿದೆ. ಆಮೇಲೆ ನಂಗೇನು ಗೊತ್ತು?” ಎಂದ. ಡಾರ್ಕಸ್‌ಗೆ ತಿಂಗಳು ತುಂಬಿದ ಹೊತ್ತು. ತೊಮಸಿನ್ ಬೆರಳು ಮಡಿಚಿ ಎಣಿಸುವಳು, ಮತ್ತೆ ಮೊದಲಿಂದ ಎಣಿಸುವಳು.

“ಆಗಿರುತ್ತೆ ಅಲ್ವೇನ್ರೀ?”

“ಆಗಿರುತ್ತೆ,” ಅನ್ನುವನು ಆಂಬ್ರೋಸ್.

ಫೆಬ್ರವರಿಯ ಕೊನೆಯಲ್ಲಿ ಒಂದು ಬೆಳಿಗ್ಗೆ ಇಗರ್ಜಿಯ ಗಂಟೆಗಳು ಒಂದೇ ಸಮನೆ ಹೊಡೆದುಕೊಂಡವು. ಸೋತ ಪಾಲ್‌ಗ್ರೇವ್ ಲಂಡನ್ನಿನಲ್ಲಿ ಅರ್ಜಿ ಹಾಕಿದ್ದನಂತೆ. ಪಾರ್ಲಿಮೆಂಟ್ ಅದನ್ನು ವಿಚಾರಣೆ ಮಾಡಿ, ಹನ್ನೊಂದು ಒಲೆಗಳೂ ಸರಿಯಾದ ಒಲೆಗಳೇ, ಹನ್ನೊಂದು ಓಟೂ ಊರ್ಜಿತ ಎಂದು ತೀರ್ಮಾನಿಸಿತ್ತು. ಸರ್ ಎವರಾರ್ಡ್ ಹೊರಗೆ, ಪಾಲ್‌ಗ್ರೇವ್ ಒಳಗೆ. ತೊಮಸಿನ್ ಶಾಲು ಹೊದ್ದುಕೊಂಡು ನೇರ ಟ್ರೆಮ್ಲೆಟ್‌ನ ಅಂಗಡಿಗೆ ಹೋದಳು.

ಯಜಮಾನ ಅಂದು ಬಲು ಖುಷಿಯಲ್ಲಿದ್ದ. ಲಂಡನ್ನಿನಿಂದ ಬಂದ ಕಾಗದ ಮೇಜಿನ ಮೇಲೆ ಹರಡಿತ್ತು.

“ಬನ್ನಿ ಮಿಸೆಸ್ ವೆನ್. ನಿಮ್ಮ ಮಗನ ಹೆಸರೂ ಇದೆ ಇಲ್ಲಿ. ನೋಡಿ, ‘ಜೇಬೆಜ್ ವೆನ್, ಪ್ರತ್ಯೇಕವಾಗಿ ಅಡಿಗೆ ಮಾಡಿಕೊಂಡು ಉಣ್ಣುತ್ತಿದ್ದವನು.’”

“ನಾನು ಹೇಳಿದ್ದು?”

“ಅದನ್ನ ಅವರು ಲೆಕ್ಕಕ್ಕೆ ತಗೊಂಡಿಲ್ಲ.”

“ದಿನಾ ಕೊಡ್ತಿದ್ದೆ ಸ್ವಾಮಿ. ನನ್ನ ಕೈಯಾರೆ.”

“ಇರಬಹುದು. ಆದ್ರೆ ಕೊಡ್ಲಿಲ್ಲ ಅಂತ ಪಾರ್ಲಿಮೆಂಟ್ ತೀರ್ಮಾನ ಮಾಡಿದೆ. ನಿಮಗೆ ಒಳ್ಳೇದೇ ಆಯ್ತಲ್ಲಮ್ಮ.”

ತೊಮಸಿನ್ ಆ ಕಾಗದವನ್ನೇ ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

“ಹಾಗಾದ್ರೆ ಅವನ ಕೆಲಸ?”

ಟ್ರೆಮ್ಲೆಟ್ ಉದಾರವಾಗಿ ನಕ್ಕ. “ಕೊಡ್ತೀನಿ. ಯಾಕೆ ಕೊಡಬಾರದು? ವಸಂತದ ಮಾಲು ಬಂದಿದೆ, ಕತ್ತರಿ ಹಿಡಿಯೋ ಕೈ ಬೇಕು. ಆದ್ರೆ ಬೇಗ ಬರ್ಬೇಕು. ಮುಂದಿನ ವಾರ ಎಕ್ಸೆಟರ್‌ನಿಂದ ಇಬ್ಬರು ಬರ್ತಿದಾರೆ, ಅವರು ಕೂತ್ಮೇಲೆ ಜಾಗ ಇರೋಲ್ಲ. ಈಗ್ಲೇ ಪತ್ರ ಬರೆಸ್ತೀನಿ, ಮಧ್ಯಾಹ್ನದ ಟಪಾಲಿಗೆ ಹೋಗುತ್ತೆ.”

ಗುಮಾಸ್ತನನ್ನು ಕರೆದ. ದಿನಾ ಬಂದು ಮುಚ್ಚಳ ಎತ್ತುತ್ತಿದ್ದವನೇ. ಅವನು ಕಾಗದ ತೆಗೆದು ಲೇಖನಿ ಅದ್ದಿದ. ತೊಮಸಿನ್ ಮೇಜಿನ ಹತ್ತಿರಕ್ಕೆ ಸರಿದಳು.

“ಬರೀರಿ ಸ್ವಾಮಿ. ಬಾ ಅಂತ ಬರೀರಿ. ಎಲ್ಲಾ ಸರಿಹೋಯ್ತು ಅಂತ ಬರೀರಿ. ಡಾರ್ಕಸ್‌ಗೆ ಏನಾಯ್ತು, ಗಂಡೋ ಹೆಣ್ಣೋ ಕೇಳಿ ಬರೀರಿ.”

ಗುಮಾಸ್ತ ಸರಸರನೆ ಬರೆದ. ಬರೆದದ್ದನ್ನು ಮಡಿಸಿದ, ಅರಗು ಹಚ್ಚಿದ, ತಿರುಗಿಸಿ ಮೇಲೆ ‘ಜೇಬೆಜ್ ವೆನ್, ವೂಸ್ಟರ್’ ಎಂದು ಬರೆದು ತಲೆ ಎತ್ತಿದ.

“ವೂಸ್ಟರ್‌ನಲ್ಲಿ ಎಲ್ಲಿ?”

“ಅಲ್ಲೇ. ಕೈಗವಸು ಮಾಡೋರ ಕಡೆ.”

“ಅಲ್ಲಿ ಅರ್ಧ ಊರೇ ಕೈಗವಸು ಮಾಡೋರು ಕಣಮ್ಮ. ಯಾವ ಬೀದಿ? ಯಾರ ಮನೆ?”

ತೊಮಸಿನ್ ಬಾಯಿ ತೆರೆದಳು. ಅವಳಿಗೆ ಗೊತ್ತಿದ್ದದ್ದು ಬಂಡಿಯವನು ಹೇಳಿದ ಸೇತುವೆಯೊಂದೇ. ಗುಮಾಸ್ತ ಲೇಖನಿ ಎತ್ತಿ ಹಿಡಿದು ಕಾಯುತ್ತಿದ್ದ. ಹೊರಗೆ ಗಂಟೆಗಳು ಇನ್ನೂ ಹೊಡೆಯುತ್ತಲೇ ಇದ್ದವು, ಹಾಗಾಗಿ ಅವಳು ಹೇಳಿದ್ದು ತನಗೆ ಕೇಳಿಸಲಿಲ್ಲವೇನೋ ಎಂದುಕೊಂಡು ಅವನು ಮತ್ತೊಮ್ಮೆ ಕೇಳಿದ.